ಇಪ್ಪತ್ತನೆಯ ನುಡಿ

ಹದಿನಾಲ್ಕನೆಯ ನುಡಿ ಹಾಡಿಕೊಳ್ಳುತ್ತ ಅಂಗಳದಲ್ಲಿ ಬೇಳೆ ಕೇರುತ್ತಿದ್ದೆ. ಮೊರ ಒಂದು ಸಲ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ಒಂದು ಸಾಲು ಮುಗಿಯಬೇಕು. ಅದು ನನ್ನ ಕೈಗೆ ಕೂತುಬಿಟ್ಟಿದೆ. ಒಳಗೆ ಒಲೆಯ ಮೇಲೆ ಮಧ್ಯಾಹ್ನದ ತೊವ್ವೆಗೆ ಇಟ್ಟಿದ್ದೆ. ಅದು ಬೇಯಲು ಇನ್ನೂ ಐದು ನುಡಿ ಬಾಕಿ ಇತ್ತು. ಅಷ್ಟರಲ್ಲಿ ನಮ್ಮನೆಯವರ ಕೂಗು ಕೇಳಿಸಿತು.

"ಏ ಕಾಳಿಂದಿ! ಇದೇನು ತೊವ್ವೆಯೋ, ಚೌಕಾಬಾರದ ಕಾಯಿಯೋ?"

ಮೊರ ಕೆಳಗಿಟ್ಟು ಒಳಗೆ ಓಡಿದೆ. ಒಲೆಯ ಮೇಲೆ ಗಡಿಗೆ ಇರಲಿಲ್ಲ. ಅತ್ತೆ ಅದನ್ನು ಇಳಿಸಿ, ಉಪ್ಪು ಹಾಕಿ, ಜೀರಿಗೆಯ ಒಗ್ಗರಣೆಯನ್ನೂ ಕೊಟ್ಟು, ಮಗನಿಗೆ ಬಡಿಸಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ತಟ್ಟೆಯಲ್ಲಿ ಹಳದಿ ನೀರು, ಅದರ ಅಡಿಯಲ್ಲಿ ಬಿಡಿಬಿಡಿ ಬೇಳೆ.

"ಬೆಂದಿತ್ತು ಕಣೋ," ಎಂದರು ಅತ್ತೆ. "ಏಳೂ ನುಡಿ ಹಾಡಿ ಇಳಿಸಿದೀನಿ."

"ಏಳಲ್ಲ ಅವ್ವಾ, ಹತ್ತೊಂಬತ್ತು!" ಅವರು ಹತ್ತೂ ಬೆರಳನ್ನು ಎರಡು ಸಲ ಬಿಡಿಸಿ, ಕೊನೆಗೆ ಒಂದನ್ನು ಮಡಚಿ, ಮಗುವಿಗೆ ಲೆಕ್ಕ ಹೇಳಿಕೊಡುವ ಹಾಗೆ ತೋರಿಸಿದರು. "ಈ ತಿಂಗಳಲ್ಲಿ ಇದು ನಾಲ್ಕನೇ ಸಲ. ಕಾಳಿ, ಇನ್ನುಮೇಲೆ ಅವ್ವನ್ನ ಒಲೆ ಹತ್ರ ಬಿಡಬೇಡ."

ಅತ್ತೆ ತಟ್ಟೆಗೆ ಬಗ್ಗಿ ಒಂದು ಬೇಳೆ ತೆಗೆದುಕೊಂಡು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರು. ಅದು ಒಡೆಯಲಿಲ್ಲ. ಅವರು ಬೇಳೆಯನ್ನು ನೋಡಲಿಲ್ಲ, ತಮ್ಮ ಬೆರಳುಗಳನ್ನೇ ನೋಡಿದರು, ಬೇರೆ ಯಾರದೋ ಬೆರಳು ಎನ್ನುವ ಹಾಗೆ. ಆಮೇಲೆ ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತರು. ಅವತ್ತು ಊಟ ಮಾಡಲಿಲ್ಲ.

ನಮ್ಮೂರಿನಲ್ಲಿ ಏನೂ ಮೊಳೆಯುವುದಿಲ್ಲ. ಮೀನು ನಮ್ಮದು, ಉಪ್ಪು ನಮ್ಮದು, ಮಿಕ್ಕಿದ್ದೆಲ್ಲ ಹಡಗಿನದು. ಎರಡು ತಿಂಗಳಿಗೊಂದು ಹಡಗು ಬರುತ್ತದೆ. ಹೊಸ ಹಡಗಿನ ಬೇಳೆ ಒಂದು ತುತ್ತು ಒಳಗೆ ಹೋಯಿತೆಂದರೆ ಹಳೆಯ ಬೇಳೆಯ ರುಚಿ ನಾಲಿಗೆಯಿಂದ ಅಳಿಸಿಹೋಗುತ್ತದೆ. ಎಷ್ಟು ನೆನೆಸಿಕೊಂಡರೂ ಬರುವುದಿಲ್ಲ. ಇದರಿಂದ ನಮಗೇನೂ ತೊಂದರೆಯಾಗಿಲ್ಲ. ಬೇರೆ ಊರುಗಳಲ್ಲಿ ಗಂಡಂದಿರು ತಾಯಿಯ ಕೈಯಡುಗೆಯನ್ನು ನೆನೆದು ಹೆಂಡತಿಯನ್ನು ಹಂಗಿಸುತ್ತಾರೆ ಎಂದು ಹಡಗಿನವರು ಹೇಳುವಾಗ ನಮ್ಮ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ನಮ್ಮ ಗಂಡಸರಿಗೆ ಆ ಸೌಲಭ್ಯವಿಲ್ಲ.

ಆದರೆ ಬಂದ ಸರಕು ಹೇಗಿದೆ ಎಂದು ಯಾರಾದರೂ ಹೇಳಲೇಬೇಕಲ್ಲ. ಅದಕ್ಕೇ ಎರಡು ಗಡಿಗೆ. ಹಡಗು ಬಂದ ಮೂರನೆಯ ದಿನ ಉಗ್ರಾಣದ ಮೆಟ್ಟಿಲ ಮೇಲೆ ಎರಡು ಒಲೆ ಹೂಡಿ, ಒಂದರ ಮೇಲೆ ಕಳೆದ ಹಡಗಿನ ಬೇಳೆ, ಇನ್ನೊಂದರ ಮೇಲೆ ಈ ಹಡಗಿನ ಬೇಳೆ ಇಟ್ಟು, ಊರಿನ ಹೆಂಗಸರೆಲ್ಲ ಸೇರಿ ಹಾಡುತ್ತೇವೆ. ಉಪ್ಪುಗಾಳಿಗೆ ಗಡಿಯಾರಗಳು ಒಂದು ವಾರವೂ ನಡೆಯುವುದಿಲ್ಲವಾದ್ದರಿಂದ ನಮಗೆ ಹಾಡೇ ಗಡಿಯಾರ. ಒಂದೊಂದು ನುಡಿಯನ್ನೂ ಹತ್ತು ಸಲ ತಿರುತಿರುಗಿ ಹಾಡುತ್ತೇವೆ. ಹಾಡು ಮುಗಿದಾಗ ಎರಡೂ ಗಡಿಗೆಯನ್ನು ಇಳಿಸಿ, ಮೊದಲ ಸೌಟಿನವಳು ಹಳೆಯದನ್ನು ಮೊದಲು, ಹೊಸದನ್ನು ಆಮೇಲೆ ಬಾಯಿಗೆ ಹಾಕಿಕೊಂಡು, ಹಳೆಯ ರುಚಿ ಅಳಿಯುವ ಮೊದಲು ಮೂರರಲ್ಲಿ ಒಂದು ಮಾತು ಹೇಳಬೇಕು: ವಾಸಿ, ಸಮ, ಇಲ್ಲವೇ ಕಮ್ಮಿ. ಕಮ್ಮಿ ಎಂದರೆ ಹಡಗು ಮೂಟೆ ಇಳಿಸದೆ ಹಿಂದಿರುಗಬೇಕು. ಆ ಮಾತನ್ನು ಕೇಳಿದವರು ಊರಿನಲ್ಲಿ ಯಾರೂ ಇಲ್ಲ. ಯಾವಾಗಲೂ ಸಮ, ಅಪರೂಪಕ್ಕೆ ವಾಸಿ.

ಒಂಬತ್ತು ವರ್ಷದಿಂದ ಮೊದಲ ಸೌಟು ನಮ್ಮ ಅತ್ತೆಯದು, ತುಂಗವ್ವನವರದು.

ಹಾಡಿನ ಮೊದಲ ಏಳು ನುಡಿಗೆ ಯಾರ ಹೆಸರೂ ಇಲ್ಲ. ಅವು ಹಾಡಿನ ಜೊತೆಗೇ ಹುಟ್ಟಿದವು. ಎಂಟರಿಂದ ಮುಂದೆ ಒಂದೊಂದಕ್ಕೂ ಒಬ್ಬಳ ಹೆಸರಿದೆ. ಕೆಲವು ವರ್ಷಕ್ಕೊಮ್ಮೆ ಹಾಡು ಮುಗಿದರೂ ಬೇಳೆ ಮೆತ್ತಗಾಗಿರುವುದಿಲ್ಲ. ಆಗ 'ಗಡಿಗೆ ಜಾಗ ಕೊಟ್ಟಿದೆ' ಎನ್ನುತ್ತೇವೆ. ಆಗ ಮೊದಲ ಸೌಟು ಯಾರ ಕೈಯಲ್ಲಿದೆಯೋ ಅವಳು ತನ್ನ ಹೆಸರಿಟ್ಟು ಎರಡು ಸಾಲು ಕಟ್ಟಿ ಹಾಡುತ್ತಾಳೆ. ಅಷ್ಟರಲ್ಲಿ ಬೇಳೆಯೂ ಬೇಯುತ್ತದೆ, ಅವಳ ನುಡಿಯೂ ಹಾಡಿಗೆ ಸೇರುತ್ತದೆ. ಪಾರವ್ವ, ಈರಾಜಿ, ಸೌಂದರಿ, ಹೀಗೆ ಹನ್ನೆರಡು ಜನ. ಹತ್ತೊಂಬತ್ತನೆಯದು ಅತ್ತೆಯದು. ನಮ್ಮೂರಿನ ಬೀದಿಗಳಿಗೆ, ದೋಣಿಗಳಿಗೆ, ಬಾವಿಗಳಿಗೆಲ್ಲ ಗಂಡಸರ ಹೆಸರಿದೆ. ಹೆಂಗಸಿನ ಹೆಸರು ಸತ್ತ ಮೇಲೂ ಉಳಿಯುವುದು ಈ ಹಾಡಿನಲ್ಲಿ ಮಾತ್ರ. ಮಕ್ಕಳಿಲ್ಲದ ಈರಾಜಿಯನ್ನು ದಿನಕ್ಕೆ ಎರಡು ಹೊತ್ತು ಊರಿನ ಪ್ರತಿ ಮನೆಯೂ ಕರೆಯುತ್ತದೆ.

ನನಗೂ ಮಕ್ಕಳಿಲ್ಲ. ಅದನ್ನು ಹೇಳಿಕೊಂಡು ಅಳುವ ವಯಸ್ಸು ದಾಟಿದೆ. ಆದರೆ ದಡದಲ್ಲಿ ತೇಲಿಬಂದ ಸೌದೆ ಆಯಲು ಹೋಗುವಾಗ, ಹತ್ತಿರದ ಬಂಡೆಗಳ ಬಳಿ ಸೌದೆ ಸಿಗದೆ ದೂರದೂರ ನಡೆಯುವಾಗ, ನಾನೂ ಎರಡು ಸಾಲು ಕಟ್ಟಿಕೊಂಡಿದ್ದೆ. ಹನ್ನೊಂದು ವರ್ಷದಿಂದ ಅದನ್ನು ತಿದ್ದುತ್ತ ಬಂದಿದ್ದೆ. ಯಾರಿಗೂ ಹೇಳಿರಲಿಲ್ಲ.

ಅತ್ತೆ ಊಟ ಬಿಟ್ಟ ಮಾರನೆಯ ಬೆಳಿಗ್ಗೆ ಹಡಗು ಬಂತು. ಆವತ್ತು ಮಾದರಿಯ ಬೇಳೆ ತರಲು ಮೊದಲ ಸೌಟಿನವಳೇ ಹೋಗಬೇಕು. ಅತ್ತೆ ಏಳಲಿಲ್ಲ, "ನೀನೇ ಹೋಗಿ ಬಾ," ಎಂದರು. ಸೇರು ಹಿಡಿದು ನಾನು ಹೋದೆ.

ಹಡಗಿನ ಗುಮಾಸ್ತ ಇಪ್ಪತ್ತು ವರ್ಷದಿಂದ ಬರುತ್ತಿರುವವನು. ನಮ್ಮ ಮಾತನ್ನು ಮುರಿದು ಮುರಿದು ಆಡುತ್ತಾನೆ. ನಮ್ಮ ಹಾಡೆಂದರೆ ಅವನಿಗೆ ಬಹಳ ಇಷ್ಟ. ಸರಕು ಇಳಿಸುವ ಮೊದಲೇ ಹಾಡಿನ ಸಮಾಚಾರ ಕೇಳುತ್ತಾನೆ.

"ಹಾಡು ಈಗ ಎಷ್ಟು, ಅಮ್ಮಾ?"

"ಹತ್ತೊಂಬತ್ತೇ. ಹೋದ ಸಲ ಎಷ್ಟಿತ್ತೋ ಅಷ್ಟೇ."

ಅವನು ಮೂಟೆಯ ಬಾಯಿ ಬಿಚ್ಚುತ್ತ ನಕ್ಕ. "ಈ ಸಲ ಇಪ್ಪತ್ತು ಆಗುತ್ತೆ. ನೋಡಿ ಬೇಕಾದರೆ."

ನನ್ನ ಮುಖ ಬಿಸಿಯಾಯಿತು. ಒಳ್ಳೆಯ ಬಾಯಿಂದ ಬಂದ ಹಾರೈಕೆ ಎಂದುಕೊಂಡೆ. ಸೇರು ತುಂಬಿಕೊಂಡೆ. ಬೇಳೆ ನೋಡಲು ಎಷ್ಟು ಚೆಂದ! ಒಂದೇ ಅಳತೆ, ಒಂದೇ ಬಣ್ಣ, ಎಣ್ಣೆ ಸವರಿದ ಹಾಗೆ ಮಿರಮಿರ ಹೊಳಪು. ನಾನು ಈ ಮನೆಗೆ ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಸೇರು ಕೇರಿದರೆ ಒಂದು ಹಿಡಿ ಕಲ್ಲು, ಕಡ್ಡಿ, ಒಣಗಿದ ಎಲೆ ಸಿಗುತ್ತಿತ್ತು. ಒಮ್ಮೆ ಯಾರದೋ ಕೈಯ ಗಾಜಿನ ಬಳೆಯ ಚೂರು ಸಿಕ್ಕಿತ್ತು. ಈಗ ಕೇರುವುದು ಬರೀ ಅಭ್ಯಾಸಕ್ಕೆ.

ನಾನು ಉಗ್ರಾಣಕ್ಕೆ ಕೊಟ್ಟುಬಂದ ಮಾದರಿಯನ್ನು ಮಧ್ಯಾಹ್ನ ಅಲ್ಲಿ ಕಿರುಗಡಿಗೆಯಲ್ಲಿ ಬೇಯಿಸಿ ನೋಡಿದ್ದರು. ಅದಾದ ಸ್ವಲ್ಪ ಹೊತ್ತಿಗೆ ಎರಡನೆಯ ಸೌಟಿನ ಚನ್ನಾಜಿ ನಮ್ಮ ಅಂಗಳಕ್ಕೆ ಏದುಸಿರು ಬಿಡುತ್ತ ಬಂದಳು. ಅವಳ ಹಿಂದೆ ಕೊಡೆ ಹಿಡಿದು ಉಗ್ರಾಣಿ ವಾಮನಯ್ಯನವರು.

"ಹತ್ತೊಂಬತ್ತೂ ಹಾಡಿದ್ವಿ ಕಣೇ ಕಾಳಿ," ಎಂದು ಚನ್ನಾಜಿ ನನ್ನ ಎರಡೂ ಕೆನ್ನೆ ಹಿಂಡಿದಳು. "ಬೇಳೆ ಹಾಗೇ ಕೂತಿದೆ, ಗಂಡು ಒಪ್ಪದ ಹುಡುಗಿ ಥರ! ಗಡಿಗೆ ಜಾಗ ಕೊಟ್ಟಿದೆ!"

ವಾಮನಯ್ಯನವರು ಜಗಲಿಯ ಮೇಲೆ ಕೂತು ನೀರು ಕುಡಿದರು. ಮಾತು ಶುರುಮಾಡಲು ಅವರಿಗೆ ಕಷ್ಟವಾಗುತ್ತಿತ್ತು. ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದರು.

"ತುಂಗವ್ವನೋರು ದೊಡ್ಡೋರು," ಎಂದರು ಕೊನೆಗೆ, ಅತ್ತೆಯನ್ನು ನೋಡದೆ ನನ್ನನ್ನು ನೋಡಿ. "ಆದ್ರೆ ಹೋದ ಸಲ ಹಡಗು ಬಂದಾಗ್ಲೇ ಊರೆಲ್ಲ ನೋಡ್ತಿರೋವಾಗ ಏಳಕ್ಕೆ ಗಡಿಗೆ ಇಳಿಸೋಕೆ ಹೋದ್ರು. ಚನ್ನಾಜಿ ಕೈ ಹಿಡಿದ್ಲು, ಸರಿಹೋಯ್ತು. ಹಡಗಿನೋರ ಮುಂದೆ ಹಸಿಬೇಳೆ ಇಟ್ರೆ ಊರಿನ ಮರ್ಯಾದೆ ಏನಾಗ್ಬೇಕು? ಸರಕು ನೋಡಿ, ಇಷ್ಟು ಅಚ್ಚುಕಟ್ಟು ಸರಕು ನಮ್ಮಪ್ಪನ ಕಾಲದಲ್ಲಿ ಬರ್ತಿತ್ತಾ? ಒಂದು ಕಲ್ಲಿಲ್ಲ! ನನ್ನ ಕಾಲದಲ್ಲಿ ಒಂದು ಸಲಾನೂ ಕಮ್ಮಿ ಅನ್ನಿಸ್ಕೊಂಡಿಲ್ಲ. ಅದಕ್ಕೇ, ನಾಡಿದ್ದಿಗೆ ಮೊದಲ ಸೌಟು ನೀನು ಹಿಡಿಯಮ್ಮ."

ನನಗೆ ಅತ್ತೆಯ ಮುಖ ನೋಡಲಾಗಲಿಲ್ಲ. ಅವರೇ ಒಳಗೆ ಹೋಗಿ, ಗೂಡಿನಿಂದ ಹಿತ್ತಾಳೆಯ ಸೌಟು ತೆಗೆದು, ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು.

"ತಗೊಳ್ಳೆ. ನನ್ನ ತಲೆ ಮೇಲೆ ನನಗೇ ನಂಬಿಕೆ ಇಲ್ಲ ಈಗ."

"ನುಡಿ ಕಟ್ಟೋಕೆ ಎರಡೇ ದಿನ ಇರೋದು ಮತ್ತೆ," ಎಂದಳು ಚನ್ನಾಜಿ, ದನಿ ತಗ್ಗಿಸಿ. "ಆಗುತ್ತೇನೆ?"

"ನೋಡೋಣ," ಎಂದೆ. ಒಳಗೊಳಗೇ ನನ್ನ ಎರಡು ಸಾಲು ಎದ್ದು ಕುಣಿಯುತ್ತಿದ್ದವು. ಅವರು ಬೀದಿ ತಿರುಗುವ ತನಕ ಕಾದು, ಗೋಡೆಯ ಕಡೆ ಮುಖ ಮಾಡಿ ಮೊದಲ ಬಾರಿಗೆ ಅದನ್ನು ಗಟ್ಟಿಯಾಗಿ ಹಾಡಿದೆ:

ತೇಲಿ ಬಂದ ಸೌದೆ ಆಯ್ದು ತಂದಳು,
ಕಾಳಿಂದಿ ಕಾದಳು, ನೀನೂ ಕಾಯೆ.

ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ಪಾರವ್ವನದಕ್ಕಿಂತ ಚೆನ್ನಾಗಿತ್ತು.

ಸಂಜೆ ಬಿಸಿಲು ಇಳಿಯುವ ಮೊದಲು ಅತ್ತೆಗೆ ಗಂಜಿ ತೆಗೆದುಕೊಂಡು ಹಿತ್ತಲಿಗೆ ಹೋದೆ. ಅವರು ಅದೇ ಕಲ್ಲಿನ ಮೇಲಿದ್ದರು. ಬಟ್ಟಲನ್ನು ಪಕ್ಕಕ್ಕಿಟ್ಟು ನನ್ನ ಕೈ ಹಿಡಿದು ಕೂರಿಸಿಕೊಂಡರು.

"ಕಾಳಿ, ನಿಜ ಹೇಳು. ನನಗೆ ಹುಚ್ಚು ಹಿಡೀತಿದೆಯೇನೆ?"

"ಹಾಗೆಲ್ಲ ಅನ್ನಬೇಡಿ ಅತ್ತೆ. ಮರೆವು ಅಷ್ಟೇ. ವಯಸ್ಸಾಯ್ತಲ್ಲ."

"ಮರೆವಾದ್ರೆ ಎಲ್ಲಾ ಮರೀಬೇಕು. ಕೈಗೆ ಗಟ್ಟಿಯಾಗಿ ಗೊತ್ತಾಗುತ್ತೆ ಕಣೆ, ಈಗ ಇಳಿಸು ಅಂತ. ಇಳಿಸಿ ನೋಡಿದ್ರೆ ಬೆಂದಿರಲ್ಲ. ಈ ಕೈ ನನಗೆ ಮೋಸ ಮಾಡ್ತಿದೆ ಅಂದ್ರೆ ಇನ್ನು ಯಾವುದನ್ನ ನಂಬಲಿ? ರಾತ್ರಿ ಎದ್ದು ಬಾಗಿಲು ಯಾವ ಕಡೆ ಇದೆ ಅಂತ ಮುಟ್ಟಿ ನೋಡ್ತೀನಿ, ಗೊತ್ತಾ?"

ಅದು ನನಗೆ ಗೊತ್ತಿರಲಿಲ್ಲ. ಅವರ ಮನಸ್ಸನ್ನು ಬೇರೆ ಕಡೆ ತಿರುಗಿಸಲು, "ನಿಮ್ಮ ನುಡಿ ಒಂದು ಹಾಡಿ ಅತ್ತೆ, ನಿಮ್ಮ ಬಾಯಿಂದ ಕೇಳಬೇಕು," ಎಂದೆ.

"ನನ್ನದೂ ಒಂದಿದೆಯಾ?" ಎಂದರು.

ಎಂಟು ವರ್ಷದ ಹಿಂದೆ ಆ ನುಡಿ ಸೇರಿದ ದಿನ ಅವರು ಹೊಸ ಸೀರೆ ಉಟ್ಟು ಬೀದಿಯಲ್ಲಿ ನಡೆದು ಬಂದಿದ್ದು ನನ್ನ ಕಣ್ಣ ಮುಂದಿತ್ತು. ಅವರ ನೆನಪಿನಿಂದ ಅದು ಹೋಗಿತ್ತು. ಈರಾಜಿ ಹೋಗಿದ್ದಳು, ಸೌಂದರಿ ಹೋಗಿದ್ದಳು. ಕೇಳಿದರೆ ಒಬ್ಬಳ ಹೆಸರೂ ಅವರಿಗೆ ಗೊತ್ತಿರಲಿಲ್ಲ. ಮೊದಲ ಏಳನ್ನು ಮಾತ್ರ ಒಂದಕ್ಷರ ತಪ್ಪದೆ, ಎಳೆಯ ಹುಡುಗಿಯ ಗಂಟಲಿನಲ್ಲಿ ಹಾಡಿದರು. ಏಳನೆಯದಕ್ಕೆ ಬಂದಾಗ ಕೂತಲ್ಲೇ ಅರ್ಧ ಎದ್ದರು:

ಬೆಂದಿತು ಬೇಳೆ, ಬೆಣ್ಣೆಯ ಹಾಗೆ,
ಇಳಿಸಿಕೊ ತಂಗಿ, ತಳ ಹಿಡಿದೀತು.

"ಯಾಕೆ ಎದ್ದಿರಿ?" ಎಂದೆ.

"ಓಡಬೇಕಲ್ಲೇ! ನಮ್ಮವ್ವ ಬಾವಿ ಹತ್ರ ಬಟ್ಟೆ ಒಗೆಯೋಳು, ನಾನು ಪಕ್ಕದಲ್ಲಿ ಹಾಡೋಳು. ಆರಕ್ಕೇ 'ಓಡೇ ತುಂಗಾ' ಅನ್ನೋಳು. ಏಳು ಮುಗಿದು ಒಂದು ಉಸಿರು ತಡವಾದ್ರೂ ತಳ ಹಿಡಿಯೋದು. ಬೆನ್ನಿಗೆ ಎಷ್ಟು ಗುದ್ದು ತಿಂದಿದೀನೋ!"

"ಏಳಕ್ಕೇ ತಳ ಹಿಡೀತಿತ್ತಾ?"

"ಮತ್ತೆ? ನುಡಿಯಲ್ಲೇ ಇದೆಯಲ್ಲೆ, ಇಳಿಸಿಕೊ ಅಂತ."

"ಆ ಬೇಳೆ ರುಚಿ ಹೇಗಿತ್ತು ಅತ್ತೆ?"

"ರುಚಿ ಯಾರಿಗೆ ನೆನಪಿರುತ್ತೆ, ಹೋಗೆ. ಓಡಿದ್ದು ನೆನಪಿದೆ."

ಗಂಜಿಯ ಬಟ್ಟಲನ್ನು ಮತ್ತೆ ಎತ್ತಿಕೊಂಡು ನಾನು ಹಾಗೇ ಕೂತೆ. ಮೂವತ್ತು ವರ್ಷದಿಂದ ದಿನಕ್ಕೆ ಎರಡು ಸಲ ನನ್ನ ಬಾಯಿಯೇ 'ಇಳಿಸಿಕೊ ತಂಗಿ' ಎಂದು ಹಾಡಿದೆ. ಇಡೀ ಊರೇ ಹಾಡಿದೆ. ಹಾಡಿ, ಇಳಿಸದೆ, ಎಂಟನೆಯದಕ್ಕೆ ಹೋಗಿದ್ದೇವೆ. ಎಂಟನೆಯದರಲ್ಲಿ ಪಾರವ್ವ ಏನೆನ್ನುತ್ತಾಳೆ? ಅವಸರವೇನೆ, ಅಡುಗೆಯ ತಂಗಿ, ಪಾರವ್ವ ಕೂತಾಳೆ, ನೀನೂ ಕೂರೆ. ಈರಾಜಿ ಇನ್ನೊಂದು ಕೊಡ ನೀರು ತರುತ್ತಾಳೆ. ಸೌಂದರಿ ಉರಿ ಊದುತ್ತಾಳೆ. ಒಂದೊಂದನ್ನೂ ಮನಸ್ಸಿನಲ್ಲೇ ಹಾಡಿ ನೋಡಿದೆ. ಹನ್ನೆರಡು ಹೆಂಗಸರೂ ಕಾಯುತ್ತಿದ್ದರು. ಕೊನೆಗೆ ಹದಿಮೂರನೆಯವಳಾಗಿ, ಸೌದೆ ಹೊತ್ತು, ನಾನೂ ಕಾಯುತ್ತ ನಿಂತಿದ್ದೆ.

ಬೇಳೆ ಒಂದೊಂದು ಹಡಗಿಗೂ ಕೂದಲೆಳೆಯಷ್ಟು ಗಟ್ಟಿಯಾಗುತ್ತ ಬಂದಿತ್ತು. ಪಕ್ಕದ ಗಡಿಗೆಯ ಜೊತೆಗಿಟ್ಟು ನೋಡಿದರೆ ಗೊತ್ತಾಗದಷ್ಟು. ಆದ್ದರಿಂದ ಸಮ ಎಂದ ಪ್ರತಿಯೊಬ್ಬಳೂ ನಿಜವನ್ನೇ ಹೇಳಿದ್ದಳು. ಅಷ್ಟೂ ನಿಜಗಳು ಸೇರಿ ಏಳು ನುಡಿಯ ಬೇಳೆಯನ್ನು ಹತ್ತೊಂಬತ್ತು ನುಡಿಯದನ್ನಾಗಿ ಮಾಡಿದ್ದವು. ಕಲ್ಲು ಕಡ್ಡಿ ಹೋಯಿತು, ಹೊಳಪು ಬಂತು. ಒಳಗೆ ಮಾತ್ರ ಎಷ್ಟೋ ವರ್ಷ ಯಾವುದೋ ಊರಿನ ಕಣಜದಲ್ಲಿ ಬಿದ್ದು ಮುದಿಯಾದ ಕಾಳು.

ಆಮೇಲೆ ಗುಮಾಸ್ತನ ಮಾತು ನೆನಪಾಯಿತು. ಕಿರುಗಡಿಗೆ ಒಲೆ ಏರುವ ಮೊದಲೇ ಅವನಿಗೆ ಇಪ್ಪತ್ತು ಎಂದು ಹೇಗೆ ಗೊತ್ತಾಯಿತು? ಪ್ರತಿ ಸಲ ಬಂದು ಅವನು ಯಾಕೆ ಅದೊಂದನ್ನೇ ಕೇಳುತ್ತಾನೆ? ಇವರು ಎಷ್ಟು ಹೊತ್ತು ಕಾಯಬಲ್ಲರು ಎನ್ನುವುದನ್ನು ನಾವೇ ಅವನಿಗೆ ಹಾಡಿ ಹೇಳುತ್ತಿದ್ದೆವು. ಅಷ್ಟು ಹೊತ್ತು ಕಾಯಿಸುವ ಬೇಳೆಯನ್ನು ಅವನು ಹುಡುಕಿ ತುಂಬಿಕೊಂಡು ಬರುತ್ತಿದ್ದ. ನನಗೆ ಸಿಟ್ಟು ಬರಲಿಲ್ಲ. ಬೆಳಿಗ್ಗೆ ಅವನ ಮುಂದೆ ನಾಚಿಕೊಂಡೆನಲ್ಲ, ಅದೊಂದು ಮಾತ್ರ ಚುಚ್ಚುತ್ತಿತ್ತು.

"ಕುಡೀತೀನಿ ಕೊಡು," ಎಂದು ಅತ್ತೆ ಬಟ್ಟಲು ಕಸಿದುಕೊಂಡರು. "ಆರಿಹೋಯ್ತು. ನಿನಗೂ ಶುರುವಾಯ್ತಾ ಮರೆವು?"

ಮಾರನೆಯ ದಿನವೆಲ್ಲ ಮನೆಗೆಲಸ ಮಾಡುತ್ತಲೇ ಯೋಚಿಸಿದೆ. ಅತ್ತೆಯನ್ನು ಕರೆದು 'ನಿಮ್ಮ ಕೈ ಸರಿ, ಬೇಳೆ ತಪ್ಪು' ಎಂದು ಹೇಳಬಹುದಿತ್ತು. ನನ್ನ ಬಾಯಿಂದ ಮನೆಯೊಳಗೆ ಕೇಳಿದರೆ ಅವರಿಗೆ ಅದು ಸಮಾಧಾನದ ಮಾತು ಅಷ್ಟೇ. ಊರಿನ ಕಣ್ಣಿಗೆ ಅವರು ಏಳಕ್ಕೆ ಗಡಿಗೆ ಇಳಿಸುವ ಮುದುಕಿಯಾಗಿಯೇ ಇರುತ್ತಿದ್ದರು, ರಾತ್ರಿ ಬಾಗಿಲು ತಡಕುತ್ತಲೇ ಇರುತ್ತಿದ್ದರು. ಉಗ್ರಾಣಿಗೆ ಹೇಳಿದರೆ 'ಅತ್ತೆಯದು ಸೊಸೆಗೂ ಅಂಟಿದೆ' ಎಂದು ಸೌಟು ಚನ್ನಾಜಿಯ ಕೈಗೆ ಹೋಗುತ್ತಿತ್ತು. ಇನ್ನೊಂದು ಕಡೆ, ಹಡಗು ಹಿಂದಿರುಗಿದರೆ ಎರಡು ತಿಂಗಳು ಮೀನು, ಉಪ್ಪು ಮತ್ತು ಮನೆಮನೆಯ ಗಡಿಗೆಯ ತಳದಲ್ಲಿ ಉಳಿದದ್ದು. ಚನ್ನಾಜಿಯ ಮಗಳು ಎಂಟು ತಿಂಗಳ ಬಸುರಿ. ಹೋದ ಹಡಗು ಮತ್ತೆ ಬರುತ್ತದೋ ಇಲ್ಲವೋ, ಯಾರಿಗೆ ಗೊತ್ತು? ಬಂದರೂ ಅದರಲ್ಲಿ ಏನಿರುತ್ತದೋ.

ನನ್ನ ಎರಡು ಸಾಲನ್ನೂ ತೂಗಿ ನೋಡಿದೆ. ಸುಮ್ಮನೆ ಹಾಡಿಬಿಟ್ಟರೆ ಸಾಕಿತ್ತು. ನಾನು ಸತ್ತು ಐವತ್ತು ವರ್ಷವಾದ ಮೇಲೂ ನನ್ನ ಮುಖ ನೋಡದ ಹುಡುಗಿಯೊಬ್ಬಳು ಒಲೆಯ ಮುಂದೆ ಕೂತು ಕಾಳಿಂದಿ ಎನ್ನುತ್ತಿದ್ದಳು. ಕಾಳಿಂದಿ ಕಾದಳು, ನೀನೂ ಕಾಯೆ ಎನ್ನುತ್ತಿದ್ದಳು. ಅವಳು ಯಾಕೆ ಕಾಯಬೇಕು ಎಂದು ನನ್ನನ್ನೇ ಕೇಳಿಕೊಂಡೆ. ಬಟ್ಟೆ ಹಿಂಡಿ ಹಗ್ಗದ ಮೇಲೆ ಹರವಿದೆ.

ಹರವುತ್ತಿರುವಾಗಲೇ ಅದು ತೀರ್ಮಾನವಾಯಿತು, ಇಂಥ ಗಳಿಗೆಯಲ್ಲಿ ಎಂದು ಹೇಳಲಾರೆ. ನಾಳೆ ಮೆಟ್ಟಿಲ ಮೇಲೆ ನಾನೂ ಎಲ್ಲರ ಜೊತೆ ಹಾಡುತ್ತೇನೆ. ಏಳನೆಯ ನುಡಿ ಮುಗಿದಾಗ, ನುಡಿ ಹೇಳಿದಂತೆ, ಎರಡೂ ಗಡಿಗೆಯನ್ನು ಇಳಿಸುತ್ತೇನೆ. ಕೈ ಹಿಡಿಯಲು ಬಂದವರಿಗೆ ನನ್ನ ಕೈ ನಡುಗುತ್ತಿಲ್ಲವೆಂದು ಗೊತ್ತಾಗಲಿ. ನನಗೆ ಅತ್ತೆಯ ವಯಸ್ಸಾಗಿಲ್ಲ, ಹುಚ್ಚೆಂದು ಹೇಳುವುದು ಅಷ್ಟು ಸುಲಭವಲ್ಲ. ಹಳೆಯದನ್ನು ಬಾಯಿಗೆ ಹಾಕಿಕೊಳ್ಳುತ್ತೇನೆ, ಹೊಸದನ್ನು ಹಾಕಿಕೊಳ್ಳುತ್ತೇನೆ. ಎರಡಕ್ಕೂ ಸೇರಿಸಿ ಕಮ್ಮಿ ಎನ್ನುತ್ತೇನೆ. ಯಾವುದಕ್ಕಿಂತ ಎಂದು ಕೇಳಿದರೆ ಹಾಡಿಗಿಂತ ಎನ್ನುತ್ತೇನೆ. ಮೊದಲ ಸಾಲಿನಲ್ಲಿ ಅತ್ತೆಯನ್ನು ಕೂರಿಸಬೇಕು. ಅದು ಅವರ ಕಿವಿಗೆ ಬೀಳಬೇಕು.

ಸಂಜೆ ಚನ್ನಾಜಿ ನನ್ನ ತಲೆ ಬಾಚಲು ಬಂದಳು. ಮೊದಲ ಸಲ ಸೌಟು ಹಿಡಿಯುವವಳ ತಲೆಯನ್ನು ಗೆಳತಿ ಬಾಚುವುದು ರೂಢಿ. ಎಳೆದು ಎಳೆದು ಹೆಣೆಯುತ್ತ, "ನುಡಿ ಆಯ್ತೇನೆ? ನನಗೊಬ್ಬಳಿಗಾದ್ರೂ ಹೇಳೆ, ಹೊಟ್ಟೆ ಉಬ್ಬಿ ಸಾಯ್ತೀನಿ," ಎಂದಳು.

"ಆಗಿದೆ. ನಾಳೆ ಕೇಳು."

"ಅಬ್ಬಾ, ಏನು ಬಿಂಕ! ಸೌಟು ಕೈಗೆ ಬಂದು ಇನ್ನೂ ಎರಡು ದಿನ ಆಗಿಲ್ಲ."

ಒಳಗೆ ನಮ್ಮನೆಯವರು ಅತ್ತೆಗೆ ಒಲೆಯಿಂದ ದೂರ ಕೂರಲು ಹೇಳುತ್ತಿದ್ದರು. ಅತ್ತೆ ಮರುಮಾತಾಡದೆ ಮಣೆ ಎಳೆದುಕೊಂಡು ಹೋಗಿ ಗೋಡೆಗೆ ಒರಗಿದ ಸದ್ದು ಕೇಳಿಸಿತು. ಚನ್ನಾಜಿಗೂ ಕೇಳಿಸಿತು.

ಆಗಲೇ ವಾಮನಯ್ಯನವರು ಸೌದೆಯ ಗಾಡಿಯ ಜೊತೆ ನಮ್ಮ ಬೀದಿಗೆ ಬಂದರು. ಗಾಡಿ ನಿಲ್ಲಿಸಿ ಬೇಲಿಯ ಆಚೆಯಿಂದಲೇ ಕೂಗಿದರು.

"ಕಾಳಿಂದಮ್ಮ! ಹತ್ತೊಂಬತ್ತಕ್ಕೆ ಎರಡು ಹೊರೆ ಹಾಕಿಸ್ತಿದ್ದೆ. ಇಪ್ಪತ್ತಕ್ಕೆ ಎಷ್ಟು ಹಾಕಿಸಲಿ?"

"ಎರಡು ಹೊರೆನೇ ಹಾಕಿಸಿ ಅಯ್ಯ," ಎಂದೆ. "ಸಾಕಾಗುತ್ತೆ."

"ಕಡಿಮೆ ಬಿದ್ರೆ?"

"ಬೀಳಲ್ಲ."

ಅವರು ತಲೆಯಾಡಿಸಿ ಗಾಡಿ ಹೊಡೆಸಿಕೊಂಡು ಹೋದರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಿಗುತ್ತದೆ ಎಂದು ನಾನು ಹೇಳಲಿಲ್ಲ.